‘ಬರೋಕ್’ ಶಬ್ದದ ಅರ್ಥಭೇದಗಳೂ ದೇವನೂರಿನ ಲಕ್ಷ್ಮೀಶನೂ

ಸಖರಾಯಪಟ್ಟಣದ ಸೀಮೆಯಲ್ಲಿ, ಅಯ್ಯನಕೆರೆಯ ನೀರುಣ್ಣುವ ಗದ್ದೆಗಳಿಗೆ ಬಹುದೂರವಲ್ಲದ ದೇವನೂರು ‘ಜೈಮಿನಿ ಭಾರತ’ದ ಕರ್ತೃವಾದ ಲಕ್ಷ್ಮೀಶನ ಊರು, ಕಾವ್ಯದೊಳಗಣ ದೇವಪುರವು ಇದೇ ಎಂಬ ಮತವೇ ವಿದ್ವಾಂಸರಲ್ಲಿ ಹೆಚ್ಚು ಮಾನ್ಯವಾದುದು. ಈ ಕವಿಯ ಅಲಂಕಾರಪ್ರಾಚುರ್ಯವನ್ನು ಪಾಶ್ಚಾತ್ಯರ ‘ಬರೋಕ್’ ಶಬ್ದದಿಂದ ಹೆಸರಿಸಬಹುದೆ ಎಂಬ ಪ್ರಶ್ನೆಗೆ, ಆ ಶಬ್ದವು ಹೊತ್ತು ಬಂದಿರುವ ಅರ್ಥಗಳನ್ನು ಬಿಡಿಸಿ ನೋಡದೆ ಉತ್ತರ ಹೇಳಲಾಗದು.

ಪೋರ್ಚುಗೀಸ್ ಭಾಷೆಯಲ್ಲಿ ‘ಬರ್ರೋಕೊ’ ಎಂದರೆ ದುಂಡಗಿಲ್ಲದ ಸೊಟ್ಟ ಮುತ್ತು. ಕನ್ನಡಿಗರು ಒಳ್ಳೆಯ ಮಾತನ್ನು ಆಣಿಮುತ್ತೆಂದು ಕೊಂಡಾಡಿದರೆ, ಯೂರೋಪಿನವರು ಕ್ರಮಗೆಟ್ಟ ಕಲೆಯನ್ನು ಈ ಸೊಟ್ಟ ಮುತ್ತಿನ ಹೆಸರಿನಿಂದ ಹಳಿದರು. ರೂಸೋ ಮಾತ್ರ 1768ರ ತನ್ನ ಸಂಗೀತಕೋಶದಲ್ಲಿ, ಮಧ್ಯಯುಗದ ತಾರ್ಕಿಕರು ಅನುಮಾನದ ಒಂದು ಪ್ರಕಾರಕ್ಕಿಟ್ಟ ‘ಬರೋಕೋ’ ಎಂಬ ಸಂಕೇತವೇ ಇದರ ಮೂಲವಾಗಿರಬೇಕೆಂದು ಊಹಿಸಿ, ಸ್ವರಮೇಳವು ಗೊಂದಲಗೊಂಡು ಅಪಸ್ವರಗಳಿಂದ ತುಂಬಿದ ಸಂಗೀತವನ್ನು ಬರೋಕ್ ಎಂದನು. 1888ರಲ್ಲಿ ಕಲೆಯ ಇತಿಹಾಸಕಾರನಾದ ವೋಲ್ಫ್ಲಿನ್ನನ ಗ್ರಂಥವು ಹೊರಬಂದ ಮೇಲೆಯೇ ಈ ನಿಂದಾಪದವು ಸ್ವಧರ್ಮವುಳ್ಳ ಶೈಲಿಯೊಂದರ ನಾಮವಾಗಿ ನೆಲೆಗೊಂಡಿತು. ಸಾಹಿತ್ಯದಲ್ಲಿ ಅದರ ಬಳಕೆಯನ್ನು ವಿಮರ್ಶಕನಾದ ರೆನೆ ವೆಲೆಕ್ 1946ರಲ್ಲಿ ಸವಿಸ್ತಾರವಾಗಿ ಪರಿಶೀಲಿಸಿದನು.

ನಮ್ಮ ಅಲಂಕಾರಶಾಸ್ತ್ರಕ್ಕೆ ಈ ಬಗೆಯ ಅರ್ಥಪರಿವರ್ತನೆ ಹೊಸದಲ್ಲ. ಬಾಣನು ಗೌಡದೇಶದ ಕವಿಗಳ ಪಾಲಿಗೆ ಅಕ್ಷರಾಡಂಬರವನ್ನು ಹಂಚಿದನು. ದಂಡಿಯು ವೈದರ್ಭವನ್ನು ಎತ್ತಿಹಿಡಿದು ಗೌಡಮಾರ್ಗವನ್ನು ಕೆಳಗಿರಿಸಿದನು. ವಾಮನನಾದರೋ ಓಜಸ್ಸು ಕಾಂತಿಗಳೆಂಬ ಗುಣಗಳನ್ನು ಅದರಲ್ಲಿ ಕಂಡು, ಗೌಡೀಯನ್ನೂ ಒಂದು ರೀತಿಯೆಂದು ಮನ್ನಿಸಿದನು. ವೋಲ್ಫ್ಲಿನ್ನನು ಮಾಡಿದುದನ್ನು ವಾಮನನು ಸಾವಿರ ವರ್ಷಗಳಷ್ಟು ಹಿಂದೆಯೇ ಮಾಡಿದ್ದನೆಂಬುದು ನನಗೆ ಬಹಳ ಮಹತ್ತ್ವದ ಸಂಗತಿಯಾಗಿ ತೋರುತ್ತದೆ.

ಇನ್ನು ಲಕ್ಷ್ಮೀಶನ ಪದ್ಯಬಂಧ. ವಾರ್ಧಕ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳು. ಮೂರು, ಆರನೆಯ ಪಾದಗಳಲ್ಲಿ ಅಂಥವೇ ಆರು ಗಣಗಳು, ಕೊನೆಗೊಂದು ಗುರು. ಉಪಮೆಯ ಮೇಲೆ ಉಪಮೆ, ಪ್ರಾಸದ ಬೆನ್ನಿಗೆ ಯಮಕ ಬಂದು ಮಾತು ತುಂಬಿ ಹರಿಯುವಾಗಲೂ ಆ ಗುರುವಿನಲ್ಲಿ ಗಮಕಿಯ ಉಸಿರು ನಿಲ್ಲಲೇಬೇಕು. ನಿಂತಾಗ ಕೇಳುವವನಿಗೆ ಅರ್ಥವೂ ಕೈಗೆ ಸಿಕ್ಕಿರುತ್ತದೆ. ಅಕ್ಷರವರಿಯದವರೂ ಚಂದ್ರಹಾಸನ ಕಥೆಯನ್ನು ಈ ಕಾವ್ಯದಿಂದ ಕೇಳಿ ಆನಂದಿಸಿದುದು ಇದರಿಂದಲೇ.

ಆದುದರಿಂದ ‘ಬರೋಕ್’ ಎಂದರೆ ಸೊಟ್ಟತನವೆಂದಾದರೆ ಲಕ್ಷ್ಮೀಶನಿಗೆ ಅದು ಸಲ್ಲದು; ಯುಗವಾಚಕವೆಂದಾದರೆ, ಕವಿಯ ಕಾಲದ ವಿಷಯದಲ್ಲಿಯೇ ಏಕಾಭಿಪ್ರಾಯವಿಲ್ಲದಿರುವಾಗ ಆ ಹೆಸರಿಗೆ ಆಧಾರ ಸಾಲದು; ಸಮೃದ್ಧಿಯೂ ಚಲನೆಯೂ ಕೂಡಿದ ಶೈಲಿಯೆಂಬ ಅರ್ಥದಲ್ಲಿ ಮಾತ್ರ, ಆ ಅರ್ಥವನ್ನು ಮೊದಲೇ ಹೇಳಿಕೊಂಡು, ವಿಮರ್ಶಕನು ಅದನ್ನು ಬಳಸಬಹುದು. ಯೂರೋಪು ನಿಂದೆಯಿಂದ ಹೆಸರಿಡಲಾರಂಭಿಸಿದ ಈ ಅಲಂಕಾರಪ್ರೀತಿಗೆ ಕನ್ನಡವು ದೇವನೂರಿನ ಕವಿಯ ವಿಷಯದಲ್ಲಿ ಬಿರುದನ್ನೇ ಕೊಟ್ಟಿದೆ: ಅವನು ಉಪಮಾಲೋಲ.