ತೀರ್ಪುಗಾರನಿಗೂ ತೀರ್ಪು

ಫುಟ್‌ಬಾಲ್ ಆಟದ ಬೆಳವಣಿಗೆಯಲ್ಲಿ ತೀರ್ಪುಗಾರ ತಡವಾಗಿ ಬಂದವನು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ (ಎಫ್.ಎ.) ಸ್ಥಾಪನೆಯಾಗಿ ಆಟಕ್ಕೆ ಮೊದಲ 13 ನಿಯಮಗಳು ಸಿದ್ಧವಾದಾಗ, ಗೋಲುಕಂಬಗಳ ನಡುವಿನ ಅಂತರದಿಂದ ಹಿಡಿದು ಬೂಟಿನಿಂದ ಮೊಳೆ ಹೊರಚಾಚಿರಬಾರದು ಎಂಬುದರವರೆಗೆ ಹಲವು ಸಂಗತಿಗಳು ಅವುಗಳಲ್ಲಿ ಸೇರಿದ್ದವು. ನಿಯಮ ಮುರಿದವನನ್ನು ಹಿಡಿಯುವವರು ಯಾರು ಎಂಬ ಮಾತು ಮಾತ್ರ ಇರಲಿಲ್ಲ. ಆಗ ಆಟದ ಮೇಲ್ಪಂಕ್ತಿ ಹಾಕುತ್ತಿದ್ದವರಲ್ಲಿ ಬಹುಪಾಲು ಮಂದಿ ‘ಪಬ್ಲಿಕ್ ಸ್ಕೂಲು’ಗಳಲ್ಲಿ, ಎಂದರೆ ಹೆಸರಿಗೆ ಸಾರ್ವಜನಿಕವಾದರೂ ಉಳ್ಳವರ ಮಕ್ಕಳಿಗೇ ಮೀಸಲಾಗಿದ್ದ ಶಾಲೆಗಳಲ್ಲಿ ಕಲಿತವರಾಗಿದ್ದು, ಸಭ್ಯರು ಬೇಕೆಂದೇ ತಪ್ಪು ಮಾಡುವುದಿಲ್ಲ, ಮಾಡಿದರೂ ನಾಯಕರಿಬ್ಬರು ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ ಎಂದು ನಂಬಿದ್ದರು. ಈ ನಂಬಿಕೆ ಹೆಚ್ಚು ಕಾಲ ಬಾಳಲಿಲ್ಲ. 1874ರ ಹೊತ್ತಿಗೆ ನಿಯಮಗಳಲ್ಲಿ ‘ಅಂಪೈರ್’ ಎಂಬ ಪದ ಕಾಣಿಸಿಕೊಂಡಿತು. ತಂಡಕ್ಕೊಬ್ಬರಂತೆ ಬರುತ್ತಿದ್ದ ಈ ಅಂಪೈರುಗಳ ವ್ಯವಸ್ಥೆ, ವ್ಯಾಜ್ಯದ ಎರಡೂ ಕಡೆಯವರು ತಮ್ಮ ತಮ್ಮ ಪಂಚರನ್ನು ಕರೆತಂದು ಕೂರಿಸಿದ ಪಂಚಾಯ್ತಿಯನ್ನು ಹೋಲುತ್ತಿತ್ತು ಮತ್ತು ಅಂಥ ಪಂಚಾಯ್ತಿಯಷ್ಟೇ ಸುಲಭವಾಗಿ ಕಗ್ಗಂಟಾಗುತ್ತಿತ್ತು.

ಆ ಗಂಟನ್ನು ಬಿಡಿಸಲು 1881ರಲ್ಲಿ ನಿಯಮಗಳೊಳಗೆ ಬಂದವನೇ ರೆಫರಿ. ಇಂಗ್ಲಿಷಿನ ಈ ಪದಕ್ಕೆ ‘ಯಾರಿಗೆ ವಿಷಯವನ್ನು ಒಪ್ಪಿಸಲಾಗುತ್ತದೆಯೋ ಅವನು’ ಎಂಬ ಅರ್ಥವಿದೆ. ಅಂಪೈರುಗಳಿಬ್ಬರೂ ಒಮ್ಮತಕ್ಕೆ ಬಾರದಿದ್ದಾಗ ಮಾತ್ರ ಗೆರೆಯಾಚೆ ನಿಂತಿದ್ದ ಈ ಮೂರನೆಯವನ ಮಾತು ನಡೆಯುತ್ತಿತ್ತು. ಇಂದಿನ ಕ್ರಿಕೆಟಿನಲ್ಲಿರುವಂತೆ ಆಟಗಾರರು ಕೂಗಿ ಮೊರೆಯಿಡದೆ ತೀರ್ಪು ಕೊಡುವ ವಾಡಿಕೆಯೂ ಇರಲಿಲ್ಲ. 1888ರಲ್ಲಿ 12 ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಆರಂಭವಾಗಿ, ಸೋಲುಗೆಲುವಿಗೆ ಅಂಕಗಳೂ ಟಿಕೆಟ್ಟಿನ ಹಣವೂ ಅಂಟಿಕೊಂಡ ಮೇಲೆ ಈ ನಿಧಾನದ ಪದ್ಧತಿ ಸಾಗದಾಯಿತು. 1891ರಲ್ಲಿ ರೆಫರಿ ಗೆರೆ ದಾಟಿ ಅಂಕಣದ ನಡುವಿಗೆ ಬಂದನು, ಅಂಪೈರುಗಳು ಬಾವುಟ ಹಿಡಿದು ಗೆರೆ ಕಾಯುವ ಲೈನ್ಸ್‌ಮನ್‌ಗಳಾಗಿ ಅಂಚಿಗೆ ಸರಿದರು. ಪೆನಾಲ್ಟಿ ಕಿಕ್ ಕೂಡ ಅದೇ ವರ್ಷದ ಕೂಸು. ಅದನ್ನು ಸೂಚಿಸಿದವನು ಐರ್ಲೆಂಡಿನ ಮಿಲ್‌ಫರ್ಡ್ ಎಂಬ ಹಳ್ಳಿಯ ಗೋಲ್‌ಕೀಪರ್ ವಿಲಿಯಂ ಮೆಕ್ರಂ. ಸಭ್ಯರು ಬೇಕೆಂದೇ ಕಾಲು ಕೊಟ್ಟು ಬೀಳಿಸುತ್ತಾರೆಂದು ಊಹಿಸುವ ನಿಯಮವೇ ತಮಗೆ ಅವಮಾನ ಎಂದು ಸಿ.ಬಿ. ಫ್ರೈ ಅವರಂಥ ಹವ್ಯಾಸಿ ಆಟಗಾರರು ಕೆರಳಿದ್ದರಲ್ಲಿ, ಕೈಜಾರುತ್ತಿದ್ದ ಕಾಲದ ಕೊನೆಯ ಗೊಣಗಾಟವಿತ್ತೇ ಹೊರತು ಹೆಚ್ಚಿನ ತಿರುಳಿರಲಿಲ್ಲ.

ಇಷ್ಟೊಂದು ಅಧಿಕಾರ ಒಬ್ಬನ ಸೀಟಿಯೊಳಗೆ ಸೇರಿದೊಡನೆ, ಆ ಒಬ್ಬನನ್ನು ಅಳೆಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ಹುಡುಕುವ ಹೊಣೆ ಬಹುಮಟ್ಟಿಗೆ ಕೌಂಟಿ ಸಂಸ್ಥೆಗಳ ಪಾಲಿಗೆ ಬಂದಿತು. ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂಥ ವಿಭಾಗ. 1867ರಲ್ಲಿ ಶೆಫೀಲ್ಡ್, 1875ರಲ್ಲಿ ಬರ್ಮಿಂಗ್‌ಹ್ಯಾಮ್, 1878ರಲ್ಲಿ ಲ್ಯಾಂಕಷೈರ್ ಎಂದು ಒಂದೊಂದಾಗಿ ಹುಟ್ಟಿಕೊಂಡಿದ್ದ ಈ ಪ್ರಾದೇಶಿಕ ಸಂಸ್ಥೆಗಳೇ ಅಭ್ಯರ್ಥಿಗಳಿಗೆ ನಿಯಮ ಕಲಿಸಿ, ಪರೀಕ್ಷೆ ನಡೆಸಿ, ಹೆಸರು ನೋಂದಾಯಿಸಿಕೊಳ್ಳುತ್ತಿದ್ದವು. ರೆಫರಿಗಳು ತಮ್ಮದೇ ರಾಷ್ಟ್ರಮಟ್ಟದ ಸಂಘ ಕಟ್ಟಿಕೊಂಡದ್ದು 1908ರಲ್ಲಿ. 20ನೆಯ ಶತಮಾನದ ಬಹುಕಾಲ ಏಣಿಯ ಕೆಳಭಾಗಕ್ಕೆ ಮೂರು ಮೆಟ್ಟಿಲುಗಳಿದ್ದವು: ಹೊಸಬನು ಮೂರನೆಯ ದರ್ಜೆಯವನು, ಅಲ್ಲಿಂದ ಎರಡಕ್ಕೂ ಒಂದಕ್ಕೂ ಬಡ್ತಿ ಕೊಡುವುದು ಕೌಂಟಿಯ ಕೆಲಸ, ಮೊದಲ ದರ್ಜೆ ಮುಟ್ಟಿದ ಮೇಲೂ ದೊಡ್ಡ ಲೀಗಿನಲ್ಲಿ ಮೊದಲು ಬಾವುಟ ಹಿಡಿಯುವವನಾಗಿ, ಬಳಿಕವೇ ಸೀಟಿ ಊದುವವನಾಗಿ ಹೆಸರು ಸೇರಬೇಕಿತ್ತು. ಶತಮಾನದ ತಿರುವಿನ ಹೊತ್ತಿಗೆ ದರ್ಜೆಗಳು ಹೋಗಿ ‘ಲೆವೆಲ್’ ಎಂಬ ಅಂಕಿಗಳು ಬಂದು, ಕೌಂಟಿಯೊಳಗಿನ ಹಾದಿ 7ರಿಂದ 5ರವರೆಗೂ, ರಾಷ್ಟ್ರೀಯ ಸಂಸ್ಥೆಯ ಕಣ್ಗಾವಲಿನ ಹಾದಿ 4ರಿಂದ 1ರವರೆಗೂ ಹರಡಿಕೊಂಡಿತು.

ಬಡ್ತಿ ಬಯಸುವವನು ಅರ್ಜಿ ಹಾಕಿಕೊಂಡ ದಿನದಿಂದ ಅವನ ಶನಿವಾರ, ಭಾನುವಾರಗಳು ಲೆಕ್ಕದೊಳಗೆ ಬರುತ್ತಿದ್ದವು. ಬಡ್ತಿಯ ವರ್ಷವನ್ನು ಮಾರ್ಚ್ ಒಂದರಿಂದ ಫೆಬ್ರವರಿ ಕೊನೆಯವರೆಗೆ ಎಣಿಸುವುದು ವಾಡಿಕೆಯಾಗಿದ್ದು, ಅಷ್ಟರೊಳಗೆ ವಯಸ್ಕರ ಕನಿಷ್ಠ 20 ಪಂದ್ಯಗಳನ್ನು ನಡೆಸುವುದು, ನಿಯಮಗಳ ಲಿಖಿತ ಪರೀಕ್ಷೆ ತೇರ್ಗಡೆಯಾಗುವುದು, ಮೌಲ್ಯಮಾಪಕರ ವರದಿಗಳಲ್ಲಿ ಒಪ್ಪಿಗೆ ಪಡೆಯುವುದು ಇತ್ತೀಚಿನ ದಶಕಗಳ ಷರತ್ತುಗಳಾಗಿದ್ದವು. ಮೌಲ್ಯಮಾಪಕನೆಂದರೆ ಸಾಮಾನ್ಯವಾಗಿ ತಾನೂ ಹಿಂದೆ ಸೀಟಿ ಊದಿದ್ದ ಹಿರಿಯ. ಮಳೆಯಲ್ಲಿ ಕೊಡೆ ಹಿಡಿದು ಗೆರೆಯ ಹೊರಗೆ ನಿಂತು, ರೆಫರಿ ಚೆಂಡಿಗೆ ಎಷ್ಟು ಹತ್ತಿರವಿದ್ದನು, ಫೌಲ್ ಆದರೂ ಪೆಟ್ಟು ತಿಂದ ತಂಡಕ್ಕೇ ಅನುಕೂಲವಿದ್ದಾಗ ಆಟವನ್ನು ನಿಲ್ಲಿಸದೆ ಬಿಟ್ಟನೋ, ಬೈದಾಡುವ ಆಟಗಾರನನ್ನು ಮಾತಿನಿಂದ ತಣ್ಣಗಾಗಿಸಿದನೋ ಅಥವಾ ಕಾರ್ಡಿಗಾಗಿ ನೇರ ಕಿಸೆಗೇ ಕೈಹಾಕಿದನೋ ಎಂದು ಗುರುತು ಹಾಕಿಕೊಳ್ಳುತ್ತಿದ್ದನು. ಇದು ನ್ಯಾಯವಾದ ಅಳತೆಯೇ. ಆದರೆ ಇದರೊಡನೆ ಇನ್ನೊಂದು ಅಳತೆಯೂ ಇತ್ತು: ಪ್ರತಿ ಪಂದ್ಯದ ನಂತರ ಎರಡೂ ಕ್ಲಬ್ಬುಗಳು ರೆಫರಿಗೆ ಅಂಕ ಹಾಕಿ ಕಳಿಸಬೇಕಾಗಿದ್ದು, ತೀರ ಕಡಿಮೆ ಹಾಕಿದರೆ ಕಾರಣವನ್ನೂ ಬರೆಯಬೇಕಾಗಿತ್ತು. ಸೋತ ಕಕ್ಷಿದಾರನಿಂದಲೇ ನ್ಯಾಯಾಧೀಶನಿಗೆ ಅಂಕ ಹಾಕಿಸುವ ಇಂಥ ಏರ್ಪಾಡನ್ನು ಬೇರಾವ ವೃತ್ತಿಯೂ ಸಹಿಸಿಕೊಂಡಿರಲಾರದು. ಹವ್ಯಾಸಿ ರೆಫರಿ ಅದನ್ನು ಹತ್ತಾರು ವರ್ಷ ಸಹಿಸಿದನು.

ಕೆಳಗಿನ ಮೆಟ್ಟಿಲುಗಳ ಪಾಠಶಾಲೆ ಲಂಡನ್ನಿನ ಪೂರ್ವಭಾಗದ ಹ್ಯಾಕ್ನಿ ಮಾರ್ಷಸ್‌ನಂಥ ಬಯಲುಗಳು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಕುಸಿದ ಕಟ್ಟಡಗಳ ಅವಶೇಷ ಸುರಿದು ಮಟ್ಟಮಾಡಿದ ಆ ನೆಲದಲ್ಲಿ ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ಅಂಕಣಗಳಿದ್ದವು. ಅಂಥ ಬಯಲಿನ ರೆಫರಿಗೆ ಜೊತೆಗಾರರಿಲ್ಲ. ಗೆರೆಯ ಮೇಲಿನ ಬಾವುಟವನ್ನು ಹಲವು ಸಲ ಕ್ಲಬ್ಬಿನವನೊಬ್ಬನ ಕೈಗೆ ಕೊಟ್ಟು, ಬಲೆ ಕಟ್ಟಿದ್ದಾರೆಯೇ, ಮೂಲೆಯಲ್ಲಿ ಬಾವುಟ ನೆಟ್ಟಿದ್ದಾರೆಯೇ ಎಂದು ತಾನೇ ಸುತ್ತಿ ನೋಡಬೇಕು. ವುಲ್ವರ್‌ಹ್ಯಾಂಪ್ಟನ್ನಿನ ಮಾಂಸದಂಗಡಿಯ ಜ್ಯಾಕ್ ಟೇಲರ್ 1974ರಲ್ಲಿ ಮ್ಯೂನಿಕ್ಕಿನಲ್ಲಿ ವಿಶ್ವಕಪ್ ಫೈನಲನ್ನು ನಡೆಸಿದಾಗ, ಆಟ ಶುರುವಾಗುವ ಹೊತ್ತಿಗೆ ಮೂಲೆಯ ಬಾವುಟಗಳೇ ಇಲ್ಲದಿರುವುದು ಅವನ ಕಣ್ಣಿಗೆ ಬಿದ್ದು, ಅವು ಬರುವವರೆಗೆ ಇಡೀ ಕ್ರೀಡಾಂಗಣ ಕಾಯಬೇಕಾಯಿತು. ಅಷ್ಟು ದೊಡ್ಡ ಏರ್ಪಾಡಿನಲ್ಲಿ ಎಲ್ಲರ ಕಣ್ಣು ತಪ್ಪಿದ್ದನ್ನು ಕೆಳಗಿನ ಮೆಟ್ಟಿಲಿನ ಅಭ್ಯಾಸ ಕಂಡುಹಿಡಿಯಿತೆಂದರೆ ಅತಿಶಯೋಕ್ತಿಯಲ್ಲ.

ಏಣಿಯನ್ನು ಹತ್ತಿದವರಲ್ಲಿ ಶಾಲಾಮಾಸ್ತರರೂ ಇದ್ದರು. ವಾಟ್‌ಫರ್ಡಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದ ಸ್ಟ್ಯಾನ್ಲಿ ರೌಸ್ 1934ರಲ್ಲಿ ಎಫ್.ಎ. ಕಪ್ ಫೈನಲ್ ನಡೆಸಿ ಅದೇ ವರ್ಷ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದನು. ರೆಫರಿ ಅಂಕಣದ ಮೂಲೆಯಿಂದ ಎದುರು ಮೂಲೆಯ ಕಡೆಗೆ ಓರೆಯಾಗಿ ಓಡಾಡುತ್ತ, ತಾನಿಲ್ಲದ ಬದಿಗಳನ್ನು ಲೈನ್ಸ್‌ಮನ್‌ಗಳಿಗೆ ಬಿಡುವ ಪದ್ಧತಿಯನ್ನು ನೆಲೆಗೊಳಿಸಿದವನೂ, 1938ರಲ್ಲಿ ನಿಯಮಗಳನ್ನು ಒಪ್ಪವಾಗಿ ತಿದ್ದಿ ಬರೆದವನೂ ಅವನೇ. 1970ರ ವಿಶ್ವಕಪ್ಪಿನಲ್ಲಿ ಮೊದಲು ಬಳಕೆಗೆ ಬಂದ ಹಳದಿ, ಕೆಂಪು ಕಾರ್ಡುಗಳು ಇನ್ನೊಬ್ಬ ಮಾಸ್ತರ ಕೆನ್ ಆಸ್ಟನ್‌ಗೆ ಹೊಳೆದದ್ದು ಲಂಡನ್ನಿನ ಟ್ರಾಫಿಕ್ ದೀಪಗಳ ಮುಂದೆ.

ತುದಿಯ ಮೆಟ್ಟಿಲಿನವರಿಗೆ 2001ರಲ್ಲಿ ಸಂಬಳ ಬಂದಿತು. ಅಲ್ಲಿಗೆ ಏರುವ ದಾರಿಯಲ್ಲಿದ್ದವರು ಮಾತ್ರ ವಾರವಿಡೀ ಬೇರೆ ದುಡಿಮೆಯವರಾಗಿಯೇ ಉಳಿದರು. ಪಗಡಿ ಧರಿಸಿ 2004ರಿಂದ 2010ರವರೆಗೆ ಫುಟ್‌ಬಾಲ್ ಲೀಗಿನ ಪಂದ್ಯಗಳನ್ನು ನಡೆಸಿದ ಜರ್ನೈಲ್ ಸಿಂಗ್‌ಗೆ ಪ್ರೀಮಿಯರ್ ಲೀಗ್ ಎಂಬ ತುತ್ತತುದಿ ಸಿಗಲಿಲ್ಲ. ಸೆರೆಮನೆಯ ಅಧಿಕಾರಿಯಾಗಿ ದುಡಿಯುತ್ತ ಮೇಲೇರಿದ ಅವನ ಮಗ ಸನ್ನಿ ಸಿಂಗ್ ಗಿಲ್, 2024ರ ಮಾರ್ಚಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮತ್ತು ಲೂಟನ್ ತಂಡಗಳ ನಡುವಣ ಪಂದ್ಯಕ್ಕೆ ಸೀಟಿ ಹಿಡಿದು ಆ ಮೆಟ್ಟಿಲಿನ ಮೇಲೆ ನಿಂತನು.