ಕೊಳಗದ ಎಣಿಕೆ, ಮಗ್ಗಿಯ ಓಟ

ಮಗ್ಗಿ ಎಂದೊಡನೆ ಬಾಯಿಪಾಠ ಮತ್ತು ಮೇಷ್ಟರ ಬೆತ್ತ ನೆನಪಾಗುವುದೇ ಹೆಚ್ಚು. ಆದರೆ ಮಗ್ಗಿಯ ತಿರುಳು ಸರಳವಾದುದು. ಒಂದೊಂದಾಗಿ ಎಣಿಸುವ ಬದಲು ಎರಡೆರಡಾಗಿ, ನಾಲ್ಕುನಾಲ್ಕಾಗಿ, ಐದೈದಾಗಿ ಹಾರಿ ಎಣಿಸುವುದೇ ಮಗ್ಗಿ. ಹಳ್ಳಿಗರಿಗೆ ಈ ಎಣಿಕೆ ಕೇವಲ ಶಾಲೆಯ ಪಾಠವಾಗಿರಲಿಲ್ಲ. ದಿನನಿತ್ಯದ ಅಳತೆ ಮತ್ತು ಹಣದ ವ್ಯವಹಾರದಲ್ಲಿಯೇ ಅದು ಅಡಗಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರಾಗಿ, ಭತ್ತದ ಕಣಗಳನ್ನು ಇದಕ್ಕೆ ನಿದರ್ಶನವಾಗಿ ನೋಡಬಹುದು.

ಹಳೆಯ ಮೈಸೂರು ಸೀಮೆಯಲ್ಲಿ ಧಾನ್ಯವನ್ನು ತೂಗುವುದಕ್ಕಿಂತ ಅಳೆಯುವುದೇ ರೂಢಿ. ನಾಲ್ಕು ಪಾವಿಗೆ ಒಂದು ಸೇರು, 20 ಕೊಳಗಕ್ಕೆ ಒಂದು ಖಂಡುಗ. ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಹೇಳಿ, ಅನಂತರ ‘ಎರಡು’, ‘ಮೂರು’ ಎಂದು ಎಣಿಸುತ್ತಿದ್ದರು. ಗದ್ದೆಯ ವಿಸ್ತಾರವನ್ನೂ ಬಿತ್ತನೆ ಬೀಜದ ಅಳತೆಯಿಂದ ಗುರುತಿಸಿ ‘ಖಂಡುಗದ ಗದ್ದೆ’ ಎನ್ನುವುದಿತ್ತು. ಹಣದಲ್ಲಿ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ. ಹೀಗೆ 4, 12, 16, 20ರ ಹೆಜ್ಜೆಗಳಲ್ಲಿ ಎಣಿಸಬಲ್ಲವನಿಗೆ ಮಾತ್ರ ತನ್ನ ರಾಶಿಯ ಲೆಕ್ಕ ತನ್ನ ಕೈಯಲ್ಲಿರುತ್ತಿತ್ತು. ಬಾರದವನು ಗೇಣಿ ಕೊಡುವಾಗಲೂ ಸಾಲ ತೀರಿಸುವಾಗಲೂ ಅಳೆದವನ ಮಾತನ್ನೇ ನಂಬಬೇಕಾಗುತ್ತಿತ್ತು.

ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಂಕಿ ತಿದ್ದುತ್ತಿದ್ದ ಕೂಲಿಮಠಗಳಲ್ಲಿ ಮಗ್ಗಿಗೆ ದೊರೆತಿದ್ದ ಪ್ರಾಧಾನ್ಯಕ್ಕೆ ಇದೇ ಕಾರಣ. ಅಲ್ಲಿ ಎರಡು, ಮೂರರ ಮಗ್ಗಿಯಷ್ಟೇ ಅಲ್ಲ, ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳೂ ಇದ್ದವು. ಪಾವನ್ನು ಸೇರಿಗೆ, ನಾಲ್ಕಾಣೆಯನ್ನು ರೂಪಾಯಿಗೆ ತಿರುಗಿಸಲು ಕಾಲು ಮಗ್ಗಿ ಬಲ್ಲವನಿಗೆ ಕಾಗದ ಬೇಕಿರಲಿಲ್ಲ.

ವ್ಯವಹಾರಕ್ಕೂ ಗಣಿತಕ್ಕೂ ಇರುವ ಈ ನಂಟು ಕನ್ನಡ ನಾಡಿನಲ್ಲಿ ಬಹಳ ಹಳೆಯದು. 12ನೆಯ ಶತಮಾನದ ರಾಜಾದಿತ್ಯ ತನ್ನ ಕನ್ನಡ ಗ್ರಂಥಕ್ಕೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಅವನಿಗಿಂತ ಮೊದಲು, ಸುಮಾರು ಕ್ರಿ.ಶ. 850ರಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಒಂದರಿಂದ ಹೊರಟು ಎರಡೆರಡು ಹಾರಿದಾಗ ಸಿಗುವ 1, 3, 5, 7ನ್ನು ಕೂಡಿಸುತ್ತ ಹೋದರೆ 1, 4, 9, 16 ಎಂಬ ವರ್ಗಸಂಖ್ಯೆಗಳು ದೊರೆಯುತ್ತವೆಂಬುದನ್ನು ಅವನು ನಿಯಮವಾಗಿ ಹೇಳಿದ್ದಾನೆ. 139ನ್ನು 109ರಿಂದ ಗುಣಿಸಿದರೆ ಬರುವ 15151ರಂತೆ, ಎರಡೂ ಕಡೆಯಿಂದ ಒಂದೇ ಆಗಿ ಓದಬಹುದಾದ ಹಾರದಂಥ ಸಂಖ್ಯೆಗಳೂ ಅವನ ಲೆಕ್ಕಗಳಲ್ಲಿವೆ.

ಅಂಥ ಸೊಗಸು ಸಾಮಾನ್ಯ ಮಗ್ಗಿಯಲ್ಲೂ ಉಂಟು. ಬಿಡಿಸ್ಥಾನದ ಅಂಕಿಗಳನ್ನಷ್ಟೇ ಗಮನಿಸಿದರೆ ನಾಲ್ಕರ ಮಗ್ಗಿಯಲ್ಲಿ 4, 8, 2, 6, 0 ಮತ್ತೆ ಮತ್ತೆ ಬರುತ್ತವೆ. ಆರರ ಮಗ್ಗಿಯಲ್ಲಿ ಅವೇ ಅಂಕಿಗಳು ಹಿಮ್ಮುಖವಾಗಿ 6, 2, 8, 4, 0 ಎಂದು ಸಾಗುತ್ತವೆ. ಆಣೆಯ ಲೆಕ್ಕದ 16, 32, 48, 64, 80ರಲ್ಲೂ ಇದೇ ಸಾಲು. ಮೂರು ಮತ್ತು ಏಳು ಕೂಡ ಇಂಥದೇ ಜೋಡಿ. ಏಳು ಕೂಡಿಸುವುದೆಂದರೆ ಹತ್ತು ಕೂಡಿಸಿ ಮೂರು ಕಳೆಯುವುದು. ಹತ್ತು ಸೇರಿದರೆ ಬಿಡಿಸ್ಥಾನ ಬದಲಾಗದು, ಆದ್ದರಿಂದ ಅದು ಮೂರರಂತೆ ಹಿಂದಕ್ಕೆ ಸರಿಯುತ್ತದೆ. ಒಂಬತ್ತರಲ್ಲಿ ಹತ್ತರ ಸ್ಥಾನ ಒಂದು ಏರಿದರೆ ಬಿಡಿಸ್ಥಾನ ಒಂದು ಇಳಿಯುತ್ತದೆ. 18, 27, 36ರ ಅಂಕಿಗಳ ಮೊತ್ತ ಒಂಬತ್ತಾಗಿಯೇ ಉಳಿಯುವ ಗುಟ್ಟು ಇದು. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ವೃತ್ತದಲ್ಲಿ ಸಮನಾದ ಅಂತರದಲ್ಲಿ ಬರೆದು, ಸೊನ್ನೆಯಿಂದ ಹೊರಟು ನಾಲ್ಕರ ಮಗ್ಗಿಯ ಬಿಡಿ ಅಂಕಿಗಳನ್ನು ಗೆರೆಯಿಂದ ಸೇರಿಸಿದರೆ ಐದು ಮೂಲೆಯ ನಕ್ಷತ್ರ ಮೂಡುತ್ತದೆ. ಮೂರರ ಮಗ್ಗಿಗೆ ಹತ್ತು ಮೂಲೆಯ ನಕ್ಷತ್ರ. ಅಂಗಳದಲ್ಲಿ ಚುಕ್ಕಿ ರಂಗೋಲಿ ಇಡುವ ಹುಡುಗಿಗೆ ಇದು ಅಪರಿಚಿತವೇನಲ್ಲ.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆಯ ದಶಮಾಂಶ ಪದ್ಧತಿ ಬಂತು. 1958ರಿಂದ ಮೆಟ್ರಿಕ್ ತೂಕ, ಅಳತೆಗಳು ಹಂತಹಂತವಾಗಿ ಜಾರಿಗೊಂಡವು. ಇದರಿಂದ ಲೆಕ್ಕ ಸುಲಭವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾಲು, ಮುಕ್ಕಾಲು ಮಗ್ಗಿಗಳಿಗೆ ಕೆಲಸವಿಲ್ಲದಂತಾಯಿತು. ಉಳಿದ ಮಗ್ಗಿ ಅಳತೆಯ ನಂಟು ಕಳೆದುಕೊಂಡು ಬರಿಯ ಕಂಠಪಾಠವಾಯಿತು. 25 ಪೈಸೆಯ ನಾಣ್ಯವೂ 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡಿತು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, ಅನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿ ಹಾಡು, ಆಟ, ವಸ್ತುಗಳ ಮೂಲಕ ಕಲಿಸುವುದಕ್ಕೆ ಒತ್ತು ನೀಡಿತು. ಮಗ್ಗಿಗೆ ಬೇಕಾದುದೂ ಅದೇ. ಮದ್ದೂರಿನ ಮಗುವೊಂದು ಎಳನೀರನ್ನು ಕೈಗೆರಡರಂತೆ ಎತ್ತಿಟ್ಟು ನಾಲ್ಕು, ಎಂಟು, ಹನ್ನೆರಡು ಎಂದು ಎಣಿಸಿದರೆ ಮಗ್ಗಿಯ ಅರ್ಥ ಅದಕ್ಕೆ ತಾನಾಗಿ ತಿಳಿಯುತ್ತದೆ. ಕೊಳಗ ಕಣದಿಂದ ಮರೆಯಾಗಿರಬಹುದು. ಆದರೆ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳಬೇಕಾದ ಅಗತ್ಯ ರೈತನ ಮಕ್ಕಳಿಗೆ ಇಂದಿಗೂ ಕಡಿಮೆಯಾಗಿಲ್ಲ.