ಟ್ಯಾಗ್ ಕ್ಲೌಡ್ ಮೆರೆದ ಕಾಲ

ಪದಗಳನ್ನು ಅವುಗಳ ಬಳಕೆಗೆ ತಕ್ಕಂತೆ ಚಿಕ್ಕ, ದೊಡ್ಡ ಅಕ್ಷರಗಳಲ್ಲಿ ಒತ್ತಾಗಿ ಜೋಡಿಸುವ ಟ್ಯಾಗ್ ಕ್ಲೌಡ್ ಕೆಲವು ವರ್ಷ ಜಾಲತಾಣಗಳಲ್ಲೆಲ್ಲ ಮೆರೆದು, ಮರೆಗೆ ಸರಿಯಿತು. ಸಾದಾ ಪಟ್ಟಿ ಮಾತ್ರ ಉಳಿಯಿತು. ಇದನ್ನು ಬರಿಯ ಫ್ಯಾಷನ್ನಿನ ಏರಿಳಿತ ಎನ್ನಲಾಗದು. ಟ್ಯಾಗ್ ಕ್ಲೌಡ್ ಬೆಳೆದ ಬಗೆಯಲ್ಲೇ ಅದರ ಸೋಲಿನ ಕಾರಣವಿದೆ. 1976ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಪ್ಯಾರಿಸ್ ನಿವಾಸಿಗಳ ಮನಸ್ಸಿನಲ್ಲಿರುವ ನಗರವನ್ನು ಚಿತ್ರಿಸಲು, ಹೆಚ್ಚು ಜನ ಹೆಸರಿಸಿದ ಸ್ಥಳಗಳನ್ನು ನಕ್ಷೆಯಲ್ಲಿ ದೊಡ್ಡದಾಗಿ ಬರೆದರು. ಅಲ್ಲಿ ಅಕ್ಷರದ ಗಾತ್ರಕ್ಕೂ ಅರ್ಥವಿತ್ತು, ಅದು ಕುಳಿತ ಜಾಗಕ್ಕೂ ಅರ್ಥವಿತ್ತು. 2004ರಲ್ಲಿ ಶುರುವಾದ ಫೋಟೊ ತಾಣ ಫ್ಲಿಕರ್ ಇದೇ ಉಪಾಯವನ್ನು ಜನಪ್ರಿಯಗೊಳಿಸಿದಾಗ ಭೂಗೋಳ ಬಿಟ್ಟುಹೋಗಿ, ಅಕಾರಾದಿ ಕ್ರಮವಷ್ಟೇ ಉಳಿಯಿತು. 2008ರಲ್ಲಿ ಜೊನಾಥನ್ ಫೈನ್‌ಬರ್ಗ್ ರೂಪಿಸಿದ ವರ್ಡಲ್ ತಂತ್ರಾಂಶ ಪದಗಳನ್ನು ಖಾಲಿ ಜಾಗ ಸಿಕ್ಕಲ್ಲಿ ತುಂಬಿತು. ಚಿತ್ರ ಚೆಂದವಾಯಿತು, ಕ್ರಮ ಇಲ್ಲವಾಯಿತು.

ಕ್ರಮ ಹೋದ ಮೇಲೆ ಉಳಿಯುವುದು ಗಾತ್ರ. ಗಾತ್ರವನ್ನು ಅಳೆಯುವುದರಲ್ಲಿ ನಮ್ಮ ಕಣ್ಣು ಅಷ್ಟೇನೂ ಚುರುಕಲ್ಲ. ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ನಾವು ವಿಸ್ತೀರ್ಣಕ್ಕಿಂತ ನಿಖರವಾಗಿ ಹೋಲಿಸಬಲ್ಲೆವೆಂದು ವಿಲಿಯಂ ಕ್ಲೀವ್‌ಲೆಂಡ್ ಮತ್ತು ರಾಬರ್ಟ್ ಮೆಗಿಲ್ 1984ರಲ್ಲೇ ತೋರಿಸಿದ್ದರು. ಕನ್ನಡದಲ್ಲಿ ತೊಡಕು ಇನ್ನೂ ಹೆಚ್ಚು: ‘ಮತ’ ಮತ್ತು ‘ಪ್ರಜಾಪ್ರಭುತ್ವ’ ಸಮನಾಗಿ ಬಳಕೆಯಾಗಿದ್ದರೂ, ಎರಡನೆಯದು ಉದ್ದದಿಂದಲೂ ಒತ್ತಕ್ಷರಗಳಿಂದಲೂ ಹೆಚ್ಚು ಜಾಗ ಹಿಡಿದು ದೊಡ್ಡದೆನಿಸುತ್ತದೆ. ಎಣಿಕೆಯ ಕ್ರಮದ ಪಟ್ಟಿಯಲ್ಲಿ ಈ ಮೋಸವಿಲ್ಲ. ಯಾವುದು ಮುಂದೆ ಎಂಬುದನ್ನು ಸಾಲು ಹೇಳುತ್ತದೆ, ಎಷ್ಟು ಮುಂದೆ ಎಂಬುದನ್ನು ಪಕ್ಕದ ಅಂಕಿ ಹೇಳುತ್ತದೆ.

ಪಟ್ಟಿ ಒಂದೇ ಕ್ರಮವನ್ನು ಆರಿಸಿಕೊಳ್ಳಬೇಕು, ಫ್ಲಿಕರ್ ಮಾದರಿಯಾದರೋ ಅಕಾರಾದಿಯನ್ನೂ ಜನಪ್ರಿಯತೆಯನ್ನೂ ಒಟ್ಟಿಗೆ ತೋರಿಸುತ್ತದೆ ಎಂಬ ಆಕ್ಷೇಪವಿದೆ. ಅಕಾರಾದಿ ಪಟ್ಟಿಯಲ್ಲಿ ಪ್ರತಿ ಪದದ ಮುಂದೆ ಸಂಖ್ಯೆ ಬರೆದರೆ ಆ ಕೆಲಸವೂ ಆಗುತ್ತದೆ. ನೂರಾರು ಪದಗಳ ಪಟ್ಟಿ ಪುಟದುದ್ದ ಇಳಿಯುತ್ತದೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಸಿಂಕ್ಲೇರ್ ಮತ್ತು ಕಾರ್ಡ್ಯೂ-ಹಾಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿರ್ದಿಷ್ಟ ಮಾಹಿತಿ ಬೇಕಾದವರು ಪದ ಬರೆದು ಹುಡುಕುವ ಸರ್ಚ್ ಬಾಕ್ಸನ್ನು ಮೆಚ್ಚಿದರೆ, ಸುಮ್ಮನೆ ಕಣ್ಣಾಡಿಸುವವರು ಟ್ಯಾಗ್ ಕ್ಲೌಡನ್ನು ಮೆಚ್ಚಿದರು. ಯಾರೂ ಮೊದಲೇ ವಿಭಾಗ ಮಾಡಿರದ, ಬಳಕೆದಾರರೇ ಹೆಸರು ಹಚ್ಚಿದ ಫೋಟೊ ರಾಶಿಯಲ್ಲಿ ಏನೇನಿದೆ ಎಂದು ಒಂದೇ ನೋಟಕ್ಕೆ ತೋರಿಸಿದ ಹಿರಿಮೆ ಅದರದೇ. ಆದರೆ ಒಂದು ಸಂಗ್ರಹದ ಪರಿಚಯ ಒಮ್ಮೆ ಆದರೆ ಸಾಕು. ಅದರಲ್ಲಿ ಬೇಕಾದುದನ್ನು ಹುಡುಕುವ ಕೆಲಸ ದಿನವೂ ಬರುತ್ತದೆ. ಆದ್ದರಿಂದ ಉಪಯೋಗವೇ ಅಳತೆಗೋಲಾದರೆ ಪಟ್ಟಿಯದೇ ಮೇಲುಗೈ.